ಅಗ್ಗದ ಟಿಕೀಟು, ಹತ್ತಿರದ ಸ್ಥಾನ

ನಾಟಕದ ಹುಚ್ಚಿರುವ ಬಡ ಪ್ರೇಕ್ಷಕನಿಗೆ ನಮ್ಮ ಊರುಗಳಲ್ಲಿ ಹಿಂದಿನ ಸಾಲೇ ಗತಿ. ಲಂಡನ್ ನಗರದಲ್ಲಿ ನಾವು ಕಂಡುದು ಇದಕ್ಕೆ ತದ್ವಿರುದ್ಧ. ಷೇಕ್ಸ್‌ಪಿಯರ್ ಮಹಾಕವಿಯ ಗ್ಲೋಬ್ ನಾಟಕಶಾಲೆಯನ್ನು ಥೇಮ್ಸ್ ನದಿಯ ದಡದಲ್ಲಿ ಹಳೆಯ ಮಾದರಿಯಲ್ಲಿಯೇ ಕಟ್ಟಿ 1997ರಲ್ಲಿ ತೆರೆದರಷ್ಟೆ. ಅಲ್ಲಿ ರಂಗದ ಮುಂದಣ ಬಯಲಂಗಳದಲ್ಲಿ ಸುಮಾರು 700 ಮಂದಿ ನಿಂತು ನೋಡಬಹುದು. ಅತ್ಯಂತ ಅಗ್ಗದ ಸ್ಥಳವೂ ಅದೇ, ರಂಗಕ್ಕೆ ಅತಿ ಸಮೀಪವಾದುದೂ ಅದೇ! 1599ರ ಮೂಲ ಶಾಲೆಯಲ್ಲಿ ಅದಕ್ಕೆ ಒಂದು ಪೆನ್ನಿ. ಹೊಸದರಲ್ಲಿ ಬಹುಕಾಲ 5 ಪೌಂಡು. ಕೂರಲು ಅಪ್ಪಣೆಯಿಲ್ಲ, ಮಳೆ ಸುರಿದರೂ ಕೊಡೆ ಬಿಚ್ಚುವಂತಿಲ್ಲ. ನಾವು ನೆನೆದೆವು, ಕಾಲು ಸೋತೆವು. ಆದರೆ ನಟನ ಹಣೆಯ ಬೆವರನ್ನೂ ಕಂಡೆವು. ನಮ್ಮ ಪುರಭವನಗಳಲ್ಲಿ ಗಣ್ಯರಿಗೆಂದು ಮೀಸಲಿಟ್ಟ ಮುಂದಿನ ಸಾಲುಗಳು ಎಷ್ಟೋ ಸಂಜೆ ಬರಿದಾಗಿರುತ್ತವೆ. ಪರದೆ ಏಳುವ ಹೊತ್ತಿಗಾದರೂ ಅವುಗಳನ್ನು ಅಗ್ಗದ ಟಿಕೀಟಿನವರಿಗೆ ಬಿಟ್ಟುಕೊಡಲು ಅಡ್ಡಿಯೇನು?