ಚಾಂಪಿಯನ್ ರೀಫ್ಸ್‌ನ ಶ್ವಾಸಕೋಶಗಳ ಲೆಕ್ಕ

ಕೋಲಾರದ ಚಿನ್ನದ ಗಣಿಗಳಾದ ಕೆಜಿಎಫ್‌ನ ಚಿನ್ನ ಇದ್ದದ್ದು ಕ್ವಾರ್ಟ್ಜ್ ಎಂಬ ಬಿಳಿಗಲ್ಲಿನ ಎಳೆಗಳಲ್ಲಿ. ಚಾಂಪಿಯನ್ ರೀಫ್ಸ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದದ್ದೂ ಆ ಎಳೆಯ ಬೆನ್ನು ಹತ್ತಿಯೇ. ಕಲ್ಲಿಗೆ ಡ್ರಿಲ್ ಹಾಕಿ, ಮದ್ದು ಸಿಡಿಸಿ, ಒಡೆದು ಪುಡಿ ಮಾಡುವಾಗ ದೂಳು ಏಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವ ಕಣಕ್ಕಿಂತ ಕಾಣದ ಕಣವೇ ಹೆಚ್ಚು ಅಪಾಯಕಾರಿ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣದಾದ ಸಿಲಿಕಾ ಹರಳು ಮೂಗು, ಗಂಟಲುಗಳನ್ನು ದಾಟಿ ಶ್ವಾಸಕೋಶದ ಗಾಳಿಗೂಡುಗಳನ್ನೇ ಸೇರುತ್ತದೆ. ಅಲ್ಲಿ ಕಾವಲಿರುವ ಜೀವಕೋಶ ಅದನ್ನು ನುಂಗುತ್ತದೆ, ಅರಗಿಸಿಕೊಳ್ಳಲಾರದೆ ಸಾಯುತ್ತದೆ. ಹೊರಬಿದ್ದ ಹರಳನ್ನು ಮತ್ತೊಂದು ಕೋಶ ನುಂಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಉರಿಯೂತವಾಗಿ, ಕೊನೆಗೆ ಶ್ವಾಸಕೋಶ ಗಂಟುಗಂಟಾಗಿ ಗಡುಸಾಗುವುದೇ ಸಿಲಿಕೋಸಿಸ್. ಕೆಲವರಲ್ಲಿ ಅದೇ ದೂಳು ಕ್ಯಾನ್ಸರಿಗೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1997ರಲ್ಲಿ ಈ ದೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವೆನ್ನುವ ಮೊದಲ ಗುಂಪಿಗೆ ಸೇರಿಸಿತು. ಜೊತೆಗೆ ಬೀಡಿ, ಸಿಗರೇಟು ಸೇದುವ ಅಭ್ಯಾಸವಿದ್ದರೆ ಅಪಾಯ ಇನ್ನಷ್ಟು ಹೆಚ್ಚು.

ದೇಶದಲ್ಲಿ ಸಿಲಿಕೋಸಿಸ್ ದೊಡ್ಡ ಪ್ರಮಾಣದಲ್ಲಿ ದಾಖಲಾದದ್ದು ಮೊದಲು ಈ ಗಣಿಗಳಲ್ಲೇ. 1940ರಿಂದ 46ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಕಾಣಿಸಿತ್ತು. ಅಂದರೆ ಒಂದು ಕಾಲದಲ್ಲಿ ಈ ಊರಿನ ಶ್ವಾಸಕೋಶಗಳಿಗೆ ಲೆಕ್ಕವಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಕಂಪನಿಯ ಆಸ್ಪತ್ರೆಗೂ ಬೀಗ ಬಿತ್ತು. ಅಲ್ಲಿಂದಾಚೆಗೆ ಕೆಮ್ಮು, ಉಬ್ಬಸ ಹೆಚ್ಚಾದವರು ಕೋಲಾರಕ್ಕೋ, ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೋ ಹೋಗಬೇಕು. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಫೈಲು. ಒಂದರಲ್ಲಿರುವುದು ಇನ್ನೊಂದಕ್ಕೆ ತಿಳಿಯದು.

ಚದುರಿದ ಫೈಲುಗಳನ್ನು ಜೋಡಿಸಿದರೆ ಏನು ಸಿಗುತ್ತದೆ? ಅಮೆರಿಕದಲ್ಲಿ ಕ್ಯಾನ್ಸರ್ ನೋಂದಣಿಯ ದಾಖಲೆಗಳನ್ನು, ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಬಿಲ್ಲುಗಳೊಂದಿಗೆ ಬೆಸೆದಿದ್ದಾರೆ. ನೋಂದಣಿಯಲ್ಲಿ ರೋಗ ಯಾವ ಹಂತದಲ್ಲಿ ಪತ್ತೆಯಾಯಿತು ಎಂಬುದಿದೆ, ಬಿಲ್ಲಿನಲ್ಲಿ ಯಾವ ಚಿಕಿತ್ಸೆ ಸಿಕ್ಕಿತು, ಎಷ್ಟು ಖರ್ಚಾಯಿತು ಎಂಬುದಿದೆ. ಆ ಜೋಡಿ ದಾಖಲೆಯಿಂದ 1999ರಲ್ಲಿ ಹೊರಬಂದ ಅಧ್ಯಯನವೊಂದು ಆರಂಭಿಕ ಹಂತದ ಶ್ವಾಸಕೋಶ ಕ್ಯಾನ್ಸರ್ ಇದ್ದ ಸುಮಾರು 11,000 ಮಂದಿಯ ಚಿಕಿತ್ಸೆಯನ್ನು ನೋಡಿತು. ಶಸ್ತ್ರಚಿಕಿತ್ಸೆ ಸಿಕ್ಕದ್ದು ಬಿಳಿಯರಲ್ಲಿ ಶೇಕಡ 77 ಮಂದಿಗೆ, ಕರಿಯರಲ್ಲಿ ಶೇಕಡ 64 ಮಂದಿಗೆ ಮಾತ್ರ. ಶಸ್ತ್ರಚಿಕಿತ್ಸೆ ಆದವರನ್ನಷ್ಟೇ ಹೋಲಿಸಿದಾಗ ಎರಡೂ ಗುಂಪಿನವರು ಬದುಕಿದ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಒಬ್ಬೊಬ್ಬ ವೈದ್ಯರನ್ನು ಕೇಳಿದ್ದರೆ ಈ ಅನ್ಯಾಯ ಹೊರಬೀಳುತ್ತಿರಲಿಲ್ಲ. ಸಾವಿರಾರು ಬಿಲ್ಲುಗಳನ್ನು ಒಟ್ಟಿಗೆ ಓದಿದ್ದರಿಂದ ಅದು ಕಣ್ಣಿಗೆ ಬಿತ್ತು.

ಖರ್ಚಿನ ಲೆಕ್ಕದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ರೋಗ ಮೈತುಂಬ ಹರಡಿದ ಮೇಲೆ ಬಂದು ಎರಡೇ ತಿಂಗಳಲ್ಲಿ ತೀರಿಕೊಂಡವರ ಬಿಲ್ಲು ಚಿಕ್ಕದಾಗಿಯೇ ಇರುತ್ತದೆ. ಚಿಕಿತ್ಸೆ ಫಲಿಸಿ ನಾಲ್ಕು ವರ್ಷ ಬದುಕಿದವರ ಬಿಲ್ಲು ಬೆಳೆಯುತ್ತಲೇ ಹೋಗುತ್ತದೆ. ಸರಾಸರಿ ತೆಗೆದು ಕಡಿಮೆ ಖರ್ಚಿನ ಆಸ್ಪತ್ರೆಯೇ ಒಳ್ಳೆಯದು ಎಂದುಬಿಟ್ಟರೆ ಸಾವಿಗೇ ಬಹುಮಾನ ಕೊಟ್ಟಂತೆ. ಅದಕ್ಕೇ ಸಂಶೋಧಕರು ಖರ್ಚನ್ನು ಬದುಕಿದ ದಿನಗಳ ಜೊತೆಗಿಟ್ಟು, ಹಂತ ಹಂತಕ್ಕೆ ಹೋಲಿಸಿ ನೋಡುತ್ತಾರೆ. ದುಬಾರಿ ಮಾತ್ರೆ ಪಡೆದವರು ಹೆಚ್ಚು ದಿನ ಬದುಕಿದರೆ ಅದು ಮಾತ್ರೆಯ ಗುಣವೋ, ಮೊದಲೇ ಗಟ್ಟಿಮುಟ್ಟಾಗಿದ್ದವರಿಗೆ ವೈದ್ಯರು ಅದನ್ನು ಬರೆದುಕೊಟ್ಟದ್ದರ ಫಲವೋ ಎಂಬುದನ್ನೂ ಬಿಡಿಸಿ ನೋಡಬೇಕು.

ನಮ್ಮ ರಾಜ್ಯದಲ್ಲೂ ಇಂಥ ಜಾಣ ಹೋಲಿಕೆ ನಡೆದಿದೆ. ಬಡ ಕುಟುಂಬಗಳ ಆರೋಗ್ಯ ವಿಮೆಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರದ ಜಿಲ್ಲೆಗಳಿಗಷ್ಟೇ ಬಂತು. ಯೋಜನೆ ಇದ್ದ, ಇಲ್ಲದ ಪ್ರದೇಶಗಳ ಗಡಿಗೆರೆಯ ಆಚೆಈಚೆಯ ಹಳ್ಳಿಗಳನ್ನು ಮನೆಮನೆಗೆ ಹೋಗಿ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆ ಸಿಕ್ಕ ಬಡ ಕುಟುಂಬಗಳಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಆಗುವ ಸಾವು ಶೇಕಡ 64ರಷ್ಟು ಕಡಿಮೆ ಇತ್ತು. ಆಸ್ಪತ್ರೆ ಸೇರಿದಾಗ ಕೈಯಿಂದ ಕಟ್ಟಿದ ಹಣವೂ ಸುಮಾರು ಮೂರನೇ ಒಂದು ಭಾಗ ತಗ್ಗಿತ್ತು. ಈಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆ ಪ್ರತಿಯೊಂದು ಕ್ಲೇಮೂ ಒಂದು ದಾಖಲೆ.

ಆದರೆ ಚಾಂಪಿಯನ್ ರೀಫ್ಸ್‌ನವರ ಮಟ್ಟಿಗೆ ಆ ದಾಖಲೆ ಅರೆಬರೆ. ಶ್ವಾಸಕೋಶ ಕ್ಯಾನ್ಸರಿಗೆ ಅಂತರರಾಷ್ಟ್ರೀಯ ರೋಗಪಟ್ಟಿಯಲ್ಲಿ ಸಿ34 ಎಂಬ ಸಂಕೇತವಿದೆ, ಸಿಲಿಕೋಸಿಸ್‌ಗೆ ಜೆ62. ರೋಗಿ ಗಣಿಯಲ್ಲಿ ಎಷ್ಟು ವರ್ಷ, ಯಾವ ಕೆಲಸ ಮಾಡಿದರು ಎಂಬುದು ಇವೆರಡರಲ್ಲೂ ಇಲ್ಲ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್, ಕ್ಷಯ, ಕ್ಯಾನ್ಸರ್ ಮೂರೂ ಒಂದರಂತೆ ಇನ್ನೊಂದು ಕಾಣಬಹುದು. ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ ಕಾಲ, ಬಯಾಪ್ಸಿಗೆ ಮೊದಲು ಮಾಡಿಸಿದ ಸ್ಕ್ಯಾನು, ಜೊತೆಗೆ ಹೋದ ಮಗಳ ಕಳೆದುಹೋದ ಕೂಲಿ, ಇವು ಸಾಮಾನ್ಯವಾಗಿ ಕ್ಲೇಮಿನಲ್ಲಿ ಬರುವುದಿಲ್ಲ. ಬಡವರ ಮನೆಯಲ್ಲಿ ಸಾಲ ಶುರುವಾಗುವುದು ಅಲ್ಲಿಂದಲೇ ಎಂದು ನಾನು ನಂಬುತ್ತೇನೆ. 1982ರಿಂದ ನಡೆಯುತ್ತಿರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ಲೆಕ್ಕ ಹಾಕುವುದು ಬೆಂಗಳೂರಿನ ನಿವಾಸಿಗಳನ್ನು. ಕೆಜಿಎಫ್‌ನಿಂದ ಬಂದು ಚಿಕಿತ್ಸೆ ಪಡೆದು ಹೋದವರು ಆ ಲೆಕ್ಕಕ್ಕೆ ಸೇರುವುದಿಲ್ಲ.

ಈ ದಾಖಲೆಗಳನ್ನು ಜೋಡಿಸುವಾಗ ಹೆಸರು, ವಿಳಾಸ ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆ ಎಂದುಕೊಳ್ಳುವಂತಿಲ್ಲ. ಚಿಕ್ಕ ಊರಿನಲ್ಲಿ ವಯಸ್ಸು ಮತ್ತು ಇಳಿಯುತ್ತಿದ್ದ ಶಾಫ್ಟು ಗೊತ್ತಾದರೆ ಆಳನ್ನೇ ಗುರುತಿಸಬಹುದು. ಸಣ್ಣ ಗುಂಪಿನ ಅಂಕಿಗಳನ್ನು ಒಟ್ಟುಗೂಡಿಸಿಯೇ ಪ್ರಕಟಿಸಬೇಕು, ಒಪ್ಪಿಗೆಯನ್ನು ಅವರವರ ಭಾಷೆಯಲ್ಲೇ ಕೇಳಬೇಕು. ಇಲ್ಲಿ ತಮಿಳು, ತೆಲುಗು ಮನೆಮಾತಿನವರೇ ಬಹಳ.

ದೂಳು ಕುಡಿದು ದಶಕಗಳಾದ ಮೇಲೂ ಕ್ಯಾನ್ಸರ್ ಬರಬಹುದು. 1985ರಲ್ಲಿ 20ರ ವಯಸ್ಸಿಗೆ ಗಣಿಗೆ ಇಳಿದವರು ಈಗ 60ರ ಆಸುಪಾಸಿನಲ್ಲಿದ್ದಾರೆ. ಕೋಲಾರ ಜಿಲ್ಲೆಯ ಹೊರರೋಗಿ ಚೀಟಿಯಲ್ಲಿ "ಗಣಿ ಕೆಲಸ: ಎಷ್ಟು ವರ್ಷ, ಒಳಗೋ ಮೇಲೋ" ಎಂಬ ಒಂದು ಸಾಲು ಸೇರಿಸುವುದಕ್ಕೆ ಹೊಸ ಯಂತ್ರವೇನೂ ಬೇಡ. ಆ ಸಾಲು ಈ ವರ್ಷವೇ ಬರಬೇಕು.