ಬಿರುಗಾಳಿಯ ಬೆಲೆ

ಅಗ್ನಿಭಯಕ್ಕೆ ವಿಮೆ ಇಳಿಸಿಕೊಳ್ಳುವ ಕಂಪನಿಗೆ ಒಂದು ನೆಮ್ಮದಿಯುಂಟು: ಒಂದು ಮನೆಗೆ ಬೆಂಕಿ ಬಿದ್ದ ದಿನವೇ ಊರಿನ ಮನೆಗಳೆಲ್ಲ ಉರಿಯುವುದು ಅಪೂರ್ವವಾದುದರಿಂದ, ಸಾವಿರ ಮಂದಿ ತೆತ್ತ ಕಂತಿನಲ್ಲಿ ಒಬ್ಬಿಬ್ಬರ ನಷ್ಟವನ್ನು ತುಂಬಿಕೊಡುವುದು ಅದಕ್ಕೆ ಭಾರವಾಗದು. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ ಹರಿಕೇನ್ ಎಂಬ ಚಂಡಮಾರುತವಾದರೋ ಹಲವು ವರ್ಷಗಳ ಕಾಲ ಕರಾವಳಿಯ ಕಡೆ ತಲೆಹಾಕದೆ ಇದ್ದು, ಬಂದ ದಿನ ಇಡೀ ಸೀಮೆಯ ಮನೆಗಳನ್ನು ಒಟ್ಟಿಗೆ ಕೆಡಹುತ್ತದೆ. ಆದಕಾರಣ ಹಿಂದಿನ ಹತ್ತಿಪ್ಪತ್ತು ವರ್ಷಗಳ ಜಮಾಖರ್ಚನ್ನು ನೋಡಿ ಮುಂದಿನ ಕಂತನ್ನು ನಿಗದಿಮಾಡುವ ಪದ್ಧತಿ ಇಲ್ಲಿ ಸಲ್ಲದು.

ಅಮೆರಿಕ ಈ ಪಾಠವನ್ನು ಕಲಿತದ್ದು 1992ರ ಆಗಸ್ಟ್ 24ರಂದು. ಅಂದು ಮುಂಜಾನೆ ಆಂಡ್ರೂ ಎಂಬ ಚಂಡಮಾರುತವು ದಕ್ಷಿಣ ಫ್ಲಾರಿಡಾದ ಹೋಮ್‌ಸ್ಟೆಡ್ ಪ್ರದೇಶದ ಮೇಲೆ ಎರಗಿತು. ವಿಮೆಗೆ ಒಳಪಟ್ಟ ನಷ್ಟವೇ ಸುಮಾರು 1500 ಕೋಟಿ ಡಾಲರುಗಳಷ್ಟಾಗಿ, ಹತ್ತಕ್ಕೂ ಮಿಕ್ಕ ಕಂಪನಿಗಳು ದಿವಾಳಿಯೆದ್ದವು. ಕ್ಯಾರೆನ್ ಕ್ಲಾರ್ಕ್ ಎಂಬ ಮಹಿಳೆ 1987ರಲ್ಲಿ ಸ್ಥಾಪಿಸಿದ ಸಂಸ್ಥೆಯೊಂದು, ಗಾಳಿ ನೆಲ ಮುಟ್ಟಿದ ಕೆಲವೇ ಗಂಟೆಗಳಲ್ಲಿ, ನಷ್ಟವು 1300 ಕೋಟಿ ಡಾಲರುಗಳನ್ನು ಮೀರೀತೆಂದು ಅಂದಾಜು ಮಾಡಿತ್ತು. ಅಂದು ಅದನ್ನು ಅತಿಶಯೋಕ್ತಿಯೆಂದು ಬಗೆದವರೇ ಹೆಚ್ಚು.

ಆ ಅಂದಾಜಿನ ಹಿಂದಿದ್ದ ಕ್ರಮ ಕುತೂಹಲಕರವಾದುದು. 1851ರಿಂದೀಚೆಗೆ ದಾಖಲಾದ ಚಂಡಮಾರುತಗಳ ಪಥ, ವೇಗ, ಒತ್ತಡಗಳನ್ನು ಆಧಾರವಾಗಿಟ್ಟುಕೊಂಡು, ನಡೆಯದಿದ್ದರೂ ನಡೆಯಬಹುದಾದ ಸಹಸ್ರಾರು ಮಾರುತಗಳನ್ನು ಗಣಕಯಂತ್ರದಲ್ಲಿ ಕಲ್ಪಿಸಿ, ಒಂದೊಂದನ್ನೂ ಇಂದಿನ ಕರಾವಳಿಯ ಮನೆಗಳ ಮೇಲೆ ಹಾಯಿಸಿ, ಯಾವ ಬಗೆಯ ಕಟ್ಟಡ ಎಷ್ಟು ಕೆಡುವುದೆಂದು ಎಣಿಸುವುದು ಇದರ ಸಾರ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುವುದರಿಂದ ವೇಗದಲ್ಲಿನ ಅಲ್ಪ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ನೂರು ವರ್ಷಕ್ಕೊಮ್ಮೆ ಬರುವ ಗಾಳಿ ಎಂಬ ಮಾತನ್ನು ಕೇಳಿ ಮೊಮ್ಮಕ್ಕಳ ಕಾಲದ ಚಿಂತೆಯೆಂದು ಸುಮ್ಮನಿರಲಾಗದು. ಪ್ರತಿವರ್ಷವೂ ನೂರರಲ್ಲಿ ಒಂದು ಪಾಲು ಸಂಭವವಿರುವ ಅಂಥ ಗಾಳಿ, ಮನೆಸಾಲ ತೀರುವ ಮೂವತ್ತು ವರ್ಷಗಳೊಳಗೆ ಒಮ್ಮೆಯಾದರೂ ಬೀಸುವ ಸಂಭವ ನೂರಕ್ಕೆ ಸುಮಾರು 26.

ಹೀಗೆ ಅಳೆದ ಹೊರೆಯನ್ನು ಹಲವರು ಹಂಚಿಕೊಳ್ಳುತ್ತಾರೆ. ಮೊದಲ ಪಾಲು ಮನೆಯವನದೇ: ಮೂರು ಲಕ್ಷ ಡಾಲರಿನ ಮನೆಗೆ ಶೇಕಡ 2ರ ಕಡಿತವಿದ್ದರೆ ಮೊದಲ ಆರು ಸಾವಿರ ಡಾಲರಿನ ನಷ್ಟವನ್ನು ಅವನೇ ಹೊರಬೇಕು. ಅನಂತರದ್ದನ್ನು ಕಂಪನಿಯೂ, ಕಂಪನಿಯ ಶಕ್ತಿ ಮೀರಿದ್ದನ್ನು ಲಂಡನ್, ಬರ್ಮುಡಾ, ಜ್ಯೂರಿಕ್‌ಗಳ ಮರುವಿಮಾ ಸಂಸ್ಥೆಗಳೂ ಹೊರುತ್ತವೆ. ಬಿರುಗಾಳಿ ಬೀಸದಿದ್ದರೆ ಒಳ್ಳೆಯ ಬಡ್ಡಿ, ಬೀಸಿದರೆ ಅಸಲಿಗೇ ಸಂಚಕಾರ ಎಂಬ ಷರತ್ತಿನ ಮೇಲೆ ಹೂಡಿಕೆದಾರರು ಕೊಳ್ಳುವ ವಿಪತ್ತಿನ ಬಾಂಡುಗಳೂ ಉಂಟು. ಫ್ಲಾರಿಡಾ ಸರ್ಕಾರವು 1993ರಲ್ಲಿ ಚಂಡಮಾರುತ ನಿಧಿಯನ್ನೂ, ಖಾಸಗಿ ಕಂಪನಿಗಳಲ್ಲಿ ವಿಮೆ ದೊರೆಯದವರಿಗಾಗಿ 2002ರಲ್ಲಿ ಸಿಟಿಜನ್ಸ್ ಎಂಬ ನಿಗಮವನ್ನೂ ಸ್ಥಾಪಿಸಿತು.

ಆದರೆ ಹೊರೆಯನ್ನು ಹಂಚಿದ ಮಾತ್ರಕ್ಕೆ ಹೊರೆ ಇಳಿಯದು. ಕಂತು ಏರಿದಾಗ ಮತದಾರರು ಕೂಗಿಕೊಳ್ಳುವುದೂ, ಜನಪ್ರತಿನಿಧಿಗಳು ಅದನ್ನು ತಗ್ಗಿಸಲು ಹವಣಿಸುವುದೂ ಸಹಜವೇ. ಆದರೂ ತಗ್ಗಿಸಿದ ಕಂತು ಸಮುದ್ರದ ಅಂಚಿನಲ್ಲಿ ಇನ್ನಷ್ಟು ಮನೆ ಕಟ್ಟಲು ಕರೆಕೊಟ್ಟಂತಾಗಿ ಮುಂದಿನ ನಷ್ಟವನ್ನು ಬೆಳೆಸುತ್ತದೆ. ಹೊರೆ ನಿಜವಾಗಿ ಇಳಿಯಬೇಕಾದರೆ ಮನೆಗಳೇ ಗಟ್ಟಿಯಾಗಬೇಕು. ಆಂಡ್ರೂ ಹಾದುಹೋದ ಮೇಲೆ ಪರೀಕ್ಷಿಸಿದವರಿಗೆ, ಚಾವಣಿಯ ಹಲಗೆಗಳಿಗೆ ಹೊಡೆದ ತಂತಿಮೊಳೆಗಳು ಕೆಳಗಿನ ತೊಲೆಯನ್ನು ಮುಟ್ಟದೆ ಪಕ್ಕಕ್ಕೆ ಇಳಿದಿದ್ದುದು ಎಷ್ಟೋ ಕಡೆ ಕಂಡಿತು. ಕಿಟಕಿಯ ಗಾಜು ಒಡೆದು ಗಾಳಿ ಒಳನುಗ್ಗಿದೊಡನೆ ಒಳಗಿನ ಒತ್ತಡ ಕೆಳಗಿನಿಂದ ನೂಕಿ, ಹೊರಗಿನ ಗಾಳಿ ಮೇಲಕ್ಕೆ ಸೆಳೆದು, ಅಂಥ ಚಾವಣಿ ಹಾರಿಹೋಗುತ್ತದೆ. ಆಮೇಲೆ ಮಳೆನೀರು ಉಳಿದುದೆಲ್ಲವನ್ನೂ ಕೆಡಿಸುತ್ತದೆ. 2002ರಲ್ಲಿ ರಾಜ್ಯಕ್ಕೆಲ್ಲ ಒಂದೇ ಆಗಿ ಜಾರಿಗೆ ಬಂದ ಕಟ್ಟಡ ಸಂಹಿತೆಯೂ, ಚಾವಣಿಯನ್ನು ಬಿಗಿದು ಕಿಟಕಿಗೆ ರಕ್ಷಾಫಲಕ ಹಾಕಿಸಿದವನಿಗೆ ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂಬ ನಿಯಮವೂ ಈ ಕಾರಣಕ್ಕಾಗಿಯೇ ಶ್ಲಾಘ್ಯವಾದುವು. ವಿಮೆ ಕೊಡುವುದು ನಷ್ಟವಾದ ಬಳಿಕ ಹಣವನ್ನು. ನಷ್ಟವಾಗದಂತೆ ಮನೆ ಕಟ್ಟಿಸುವ ಕೆಲಸವನ್ನೂ ಅದು ಮಾಡಬೇಕಾದರೆ, ಅಪಾಯದ ನಿಜವಾದ ಬೆಲೆಯನ್ನು ಜನರಿಗೆ ತಿಳಿಸುವ ಧೈರ್ಯ ಸಮಾಜಕ್ಕಿರಬೇಕು.