ನೆರೆ ಇಳಿದ ಮೇಲಿನ ಶಾಲೆ

2009ರ ಸೆಪ್ಟೆಂಬರ್-ಅಕ್ಟೋಬರ್ ಸಂಧಿಯಲ್ಲೊಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಮಲಪ್ರಭೆಯು ದಡ ಮೀರಿ ಹರಿದು, ಬಾದಾಮಿ ಹುನಗುಂದ ಸೀಮೆಯ ಹಳ್ಳಿಗಳನ್ನು ಹೊಕ್ಕು, ಎರಡನೆಯ ಸಲ ಪಟ್ಟದಕಲ್ಲಿನ ದೇವಾಲಯಗಳ ಅಂಗಳವನ್ನೂ ತುಂಬಿಕೊಂಡಾಗ, ಪಾಠ ನಡೆಯಬೇಕಾದ ಶಾಲೆಗಳು ಮನೆ ಕಳೆದುಕೊಂಡವರ ಗಂಜಿ ಕೇಂದ್ರಗಳಾದುವು. ನೀರಿಳಿದ ತರುವಾಯ ಗೋಡೆಗೆ ಸುಣ್ಣ ಬಳಿದು, ಹೊಸ ಪುಸ್ತಕ ಹಂಚಿ, ಗಂಟೆ ಬಾರಿಸಿದೊಡನೆ ಎಲ್ಲವೂ ಮೊದಲಿನಂತಾಯಿತೆಂದು ಹಿರಿಯರು ಭಾವಿಸುವುದುಂಟು. ಆದರೆ ಮೋಡ ಕವಿದರೆ ಎದೆ ಧಸಕ್ಕೆಂದು ಮನೆಯತ್ತ ಓಡಲೆಳಸುವ ಮಗುವಿನ ಪಾಲಿಗೆ ನೆರೆಯು ಇನ್ನೂ ಇಳಿದಿರುವುದಿಲ್ಲ.

ಬಾಗಲಕೋಟೆಯ ಸಂಕಟ ಬೇರೆ ಬಗೆಯದು. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಸಿಲುಕಿದುದರಿಂದ ಜನರು ನವನಗರದ ಸೆಕ್ಟರುಗಳಿಗೆ ತೆರಳಿದರು; ನೆರೆಹೊರೆಯೆಂಬ ಬಳಗವು ಚದುರಿತು. ಇದಲ್ಲದೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ಗೋವೆಗೂ ಮಂಗಳೂರಿಗೂ ಗುಳೆ ಹೋಗುವ ತಂದೆತಾಯಿಗಳ ಹಿಂದೆ ಅರ್ಧ ವರ್ಷದಲ್ಲೇ ಶಾಲೆ ಬಿಡುವ ಮಕ್ಕಳೂ ಇಲ್ಲಿ ವಿರಳರಲ್ಲ.

ಇಂತಹ ಮಕ್ಕಳಿಗೆ ಅಕ್ಷರದೊಡನೆ ಮನಸ್ಸಿನ ಶಿಕ್ಷಣವೂ ಬೇಕೆಂಬ ವಿಚಾರವನ್ನು ಇಂದು ಸಾಮಾಜಿಕ-ಭಾವನಾತ್ಮಕ ಕಲಿಕೆಯೆಂದು ಕರೆಯುತ್ತಾರೆ. ತನ್ನ ಭಾವವನ್ನು ತಾನರಿಯುವುದು, ಅದನ್ನು ಹತೋಟಿಯಲ್ಲಿಡುವುದು, ಪರರ ನೋವನ್ನು ಗ್ರಹಿಸುವುದು, ಕೂಡಿ ಬಾಳುವುದು, ವಿವೇಚಿಸಿ ನಿರ್ಧರಿಸುವುದು ಇದರ ಅಂಗಗಳು. ಅಮೆರಿಕೆಯಲ್ಲಿ 1994ರಿಂದ ಸಂಘಟಿತ ರೂಪವನ್ನು ಪಡೆದ ಈ ಪಾಠಕ್ರಮವನ್ನು ಯಥಾವತ್ತಾಗಿ ತಂದು, ಹಿರಿಯರ ಎದುರು ಸ್ವಂತ ದುಃಖವನ್ನು ಬಿಚ್ಚಿ ರೂಢಿಯಿಲ್ಲದ ಮಗುವನ್ನು ತರಗತಿಯ ನಡುವೆ ನಿಲ್ಲಿಸಿ, ನಿನಗೇನನ್ನಿಸುತ್ತದೆ ಹೇಳೆಂದರೆ ಅದು ತಲೆ ತಗ್ಗಿಸುವುದೇ ಸಹಜ. ಆಪತ್ಕಾಲದ ಶಿಕ್ಷಣಕ್ಕಾಗಿ 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕನಿಷ್ಠ ಮಾನದಂಡಗಳೂ ಪಾಠವು ಆಯಾ ಜನರ ಸಂಸ್ಕೃತಿಗೂ ಭಾಷೆಗೂ ಹೊಂದಬೇಕೆಂದೇ ವಿಧಿಸುತ್ತವೆ.

ಹೊಂದಿಸಲು ಬೇಕಾದ ಸಾಮಗ್ರಿಯಾದರೋ ಈ ನೆಲದಲ್ಲಿ ಹೇರಳವಾಗಿದೆ. ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ: ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದು ಬಂದ ಈ ಆಟದಲ್ಲಿ ಸತ್ಯಭಾಮೆಯ ಅಸೂಯೆ, ಅಭಿಮಾನಭಂಗ, ಸಿಟ್ಟು, ಅಳಲುಗಳು ರಂಗದ ಮೇಲೆ ನಿಸ್ಸಂಕೋಚವಾಗಿ ಹರಿಯುತ್ತವೆ, ದೂತಿಯು ನಡುವೆ ನಿಂತು ಕೇಳುತ್ತಾಳೆ, ಕೆಣಕುತ್ತಾಳೆ, ಸಂತೈಸುತ್ತಾಳೆ. ತನ್ನದೆಂದು ಹೇಳಲಾರದ ಕೋಪವನ್ನು ಭಾಮೆಯದೆಂದು ಆಡಿ ತೋರಿಸುವ ಹುಡುಗಿಗೂ, ದೂತಿಯಾಗಿ ಅದನ್ನು ತಾಳ್ಮೆಯಿಂದ ಆಲಿಸುವ ಅವಳ ಗೆಳತಿಗೂ, ಯಾವ ಮುದ್ರಿತ ಅಭ್ಯಾಸಪುಸ್ತಕಕ್ಕಿಂತಲೂ ಇದು ಮಿಗಿಲಾದ ಪಾಠವೆಂದು ನನ್ನ ದೃಢ ನಂಬಿಕೆ. ಆಷಾಢದ ಮಂಗಳವಾರಗಳಲ್ಲಿ ಮಕ್ಕಳು ಮಣ್ಣಿನಿಂದ ಮಾಡುವ ಗುಳ್ಳವ್ವನೂ ಹಾಗೆಯೇ. ಮನೆಯನ್ನು ಕೊಚ್ಚಿದ ಹೊಳೆಯ ಮಣ್ಣನ್ನೇ ಕೈಯಲ್ಲಿ ಹಿಡಿದು ರೂಪ ಕೊಡುವಾಗ ಭಯವು ಮೆಲ್ಲನೆ ಸಡಿಲಬಹುದು. ಇಳಕಲ್ಲಿನಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಎಳೆಯೆಳೆಯಾಗಿ ಕೊಂಡಿ ಹಾಕುವುದನ್ನು ಮನೆಯಲ್ಲಿ ಕಂಡ ಮಗುವಿಗೆ ಕೂಡಿ ದುಡಿಯುವುದೆಂದರೇನೆಂದು ಬೇರೆ ಉದಾಹರಣೆ ಬೇಕಿಲ್ಲ.

ಆದರೆ ಊರಿನದೆಂಬ ಕಾರಣಕ್ಕೆ ಎಲ್ಲವೂ ಗ್ರಾಹ್ಯವಲ್ಲ. ಗಂಡುಮಗ ಅಳಬಾರದೆಂಬ ಮಾತು, ಸಾಲಿನಲ್ಲಿ ಜಾತಿ ನೋಡಿ ಕೂರಿಸುವ ಚಾಳಿ, ಇವೂ ಊರಿನವೇ. ಇವನ್ನು ಶಾಲೆಯ ಹೊಸ್ತಿಲಲ್ಲೇ ತಡೆಯತಕ್ಕದ್ದು. ಸಂಸ್ಕೃತಿಯು ಒಂದೇ ಅಲ್ಲವೆಂಬುದನ್ನೂ ಮರೆಯಲಾಗದು: ತಾಂಡಾದ ಲಂಬಾಣಿ ಮಗುವಿನ ಅಳಲು ಕನ್ನಡದಲ್ಲಿ ಹುಟ್ಟುವುದಿಲ್ಲ. ಗುಳ್ಳವ್ವನಿಗಿರುವ ಸ್ಥಳ ಹಿಂದೂ ಮುಸಲ್ಮಾನರಿಬ್ಬರೂ ಕುಣಿಯುವ ಮೊಹರಮ್ಮಿನ ಹೆಜ್ಜೆಮೇಳಕ್ಕೂ ಇರಬೇಕು.

ಮತ್ತೊಂದು ಮಾತು. ಹೊಳೆಸಾಲಿನ ಊರಲ್ಲಿ ಶಿಕ್ಷಕರ ಮನೆಯೂ ಮುಳುಗಿರುತ್ತದೆ. ಅವರ ನೋವನ್ನು ಕೇಳುವವರಿಲ್ಲದಿದ್ದರೆ ಮಕ್ಕಳ ನೋವನ್ನು ಅವರು ಹೊರುವುದೆಂತು? ನದೀತೀರದ ಪ್ರತಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು (ಎಸ್‌ಡಿಎಂಸಿ), ಮಹಾಪೂರಕ್ಕಾಗಿ ಕಾಯದೆ, ಜೂನ್ ತಿಂಗಳ ಸಭೆಯಲ್ಲೇ ಊರಿನ ಹಾಡುಗಾರರನ್ನೂ ಪಾರಿಜಾತದ ಕಲಾವಿದರನ್ನೂ ತಾಂಡಾದ ಹಿರಿಯರನ್ನೂ ಕರೆಸಿ, ಶಿಕ್ಷಕರೊಡನೆ ಕೂಡಿಸಿ, ಆ ವರ್ಷ ಮಕ್ಕಳೊಂದಿಗೆ ಏನನ್ನು ಆಡುವುದು, ಏನನ್ನು ಹಾಡುವುದು ಎಂದು ಗೊತ್ತುಮಾಡಿಕೊಳ್ಳಲಿ ಎಂದು ಪಾಲಕರಲ್ಲಿಯೂ ಅಧಿಕಾರಿಗಳಲ್ಲಿಯೂ ನನ್ನ ವಿನಂತಿ.